ಯಾರ ಮದುವೆ ಮೇಡಂ?

ಸಮುದಾಯ ಭವನದ ಬೀಗದ ಕೈ ಇಟ್ಟುಕೊಂಡಿದ್ದವನು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ಇದು. ಏಳು ಜನ ಹೆಂಗಸರು ಹೋಗಿದ್ದೆವು. ಒಬ್ಬಳು ಅಂಗನವಾಡಿ ಕಾರ್ಯಕರ್ತೆ, ಒಬ್ಬಳು ಬಟ್ಟೆ ಹೊಲಿಯುವವಳು, ಇಬ್ಬರು ನನ್ನ ಹಾಗೆ ಪಾಠ ಹೇಳುವವರು, ಉಳಿದವರು ‘ಮನೆಯಲ್ಲೇ ಇರುವವರು’, ಎಂದರೆ ನಮ್ಮೆಲ್ಲರಿಗಿಂತ ಹೆಚ್ಚು ದುಡಿಯುವವರು. “ಮದುವೆ ಅಲ್ಲಪ್ಪಾ, ವಾರಕ್ಕೆ ಎರಡು ಸಂಜೆ, ಎರಡೆರಡು ತಾಸು ಬೇಕು. ಹಾಡು ಕಲಿಯೋದಿದೆ. ಆಮೇಲೆ ಒಂದು ನಾಟಕ ಮಾಡೋ ಆಸೆ” ಎಂದೆ. ಅವನು ನಿಜವಾಗಿಯೂ ಗಲಿಬಿಲಿಗೊಂಡ. “ಹಾಡು ಕಲಿಯಾಕೆ ಇಷ್ಟು ದೊಡ್ಡ ಹಾಲ್ ಯಾಕ್ರಿ ಮೇಡಂ? ಮನ್ಯಾಗೇ ಕಲೀರಿ” ಎಂದ. ಅವನ ಮೇಲಿನವರ ಹತ್ತಿರ ಹೋದೆವು. ಅವರು ದರದ ಚೀಟಿ ತೆಗೆದರು. ದಿನದ ಬಾಡಿಗೆ, ಕರೆಂಟಿಗೆ ಬೇರೆ, ಕಸ ಗುಡಿಸುವುದಕ್ಕೆ ಬೇರೆ, ಪಾತ್ರೆ ಬೇಕಿದ್ದರೆ ಬೇರೆ. ಎರಡು ತಾಸಿನ ಬಾಡಿಗೆ ಎಂಬುದು ಆ ಚೀಟಿಯಲ್ಲಿ ಇರಲೇ ಇಲ್ಲ. ನಮಗೆ ಬೇಕಾಗಿದ್ದದ್ದು ಪಾತ್ರ, ಅವರ ಹತ್ತಿರ ಇದ್ದದ್ದು ಪಾತ್ರೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ನೆಮ್ಮದಿಯಿಂದ ಮಲಗಿಬಿಡುತ್ತಾರೆ. ವರ್ಗಾವಣೆಯ ದೆಸೆಯಿಂದ ಜಗಳೂರು, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ನಾಲ್ಕೂ ಊರಿನ ನೀರು ಕುಡಿದವಳು ನಾನು. ಕೆಲಸಕ್ಕೆ ಸೇರಿದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗದಲ್ಲಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರೂ ಒಂದೇ ಸೂರಿನ ಕೆಳಗೆ ಬಂದವು. ನ್ಯಾಮತಿ ಹೊನ್ನಾಳಿಯ ಸೊಂಟದಿಂದಿಳಿದು ತಾನೇ ಒಂದು ತಾಲ್ಲೂಕಾದದ್ದು ಅದೆಷ್ಟೋ ವರ್ಷದ ಮೇಲೆ. ಒಂದರಲ್ಲಿ ಬರಗಾಲ, ಒಂದರಲ್ಲಿ ತುಂಗಭದ್ರೆ, ಒಂದರಲ್ಲಿ ಅಡಿಕೆ. ಮಣ್ಣು ಬೇರೆ, ಮಾತಿನ ಧಾಟಿ ಬೇರೆ. ಆದರೆ ಸಂಜೆ ಆರು ಗಂಟೆಗೆ ನಾಲ್ಕೂ ಊರು ಒಂದೇ.

ಸಂಜೆ ಆರಕ್ಕೆ ಗಂಡಸರಿಗೆ ಊರೆಲ್ಲ ಸಮುದಾಯ ಭವನ. ಚಹದಂಗಡಿಯ ಬೆಂಚು, ಅರಳಿಕಟ್ಟೆ, ಗೊಬ್ಬರದ ಅಂಗಡಿಯ ಜಗುಲಿ, ಬಸ್ ನಿಲ್ದಾಣ. ಏಕೆ ಕೂತಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಹೆಂಗಸು ಹೊರಗೆ ಕಾಣಬೇಕಾದರೆ ಅವಳ ಕೈಯಲ್ಲಿ ಏನಾದರೂ ಇರಬೇಕು. ಹಣ್ಣುಕಾಯಿ ತಟ್ಟೆ ಇದ್ದರೆ ದೇವಸ್ಥಾನ, ಉಡುಗೊರೆಯ ಪೊಟ್ಟಣ ಇದ್ದರೆ ಮದುವೆ ಮನೆ, ಊಟದ ಕ್ಯಾರಿಯರ್ ಇದ್ದರೆ ಆಸ್ಪತ್ರೆ, ಚೀಲ ಇದ್ದರೆ ಸಂತೆ. ಬರಿಗೈಯಲ್ಲಿ ಹೊರಟವಳನ್ನು ಮೂರು ಮನೆ ದಾಟುವಷ್ಟರಲ್ಲಿ ನಾಲ್ಕು ಜನ “ಎಲ್ಲಿಗೆ?” ಎನ್ನುತ್ತಾರೆ. ಓದುವ ತಾಯಂದಿರೇ, ಸುಳ್ಳಾದರೆ ನನಗೊಂದು ಕಾಗದ ಬರೆಯಿರಿ.

ನಮ್ಮ ಅಜ್ಜಿಯರಿಗೂ ಹೀಗೇ ಇತ್ತೇ? ಪೂರ್ತಿ ಹೀಗಲ್ಲ. ಅವರ ಹಾಡಿಗೆ ಒಂದು ಜಾಗವಿತ್ತು. ಬೀಸುಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತರೆ ಅದೇ ರಂಗಮಂಟಪ. ಮದುವೆಯ ಚಪ್ಪರದಲ್ಲಿ ಸೋಬಾನೆ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಬೀದಿಯುದ್ದಕ್ಕೂ ಹಾಡು. ಬೀಸುವ ಕೆಲಸ ಹೋದದ್ದು ಒಳ್ಳೆಯದೇ ಆಯಿತು. ರಟ್ಟೆ ಸವೆಸಿದವರಿಗೆ ಗೊತ್ತು ಅದರ ಸುಖ. ಬೀಸುಕಲ್ಲನ್ನು ಕೊಂಡಾಡುವವರನ್ನು ಕಂಡರೆ, ಒಂದು ಸೇರು ರಾಗಿ ಬೀಸಿ ತೋರಿಸಿ ಎನ್ನಬೇಕೆನಿಸುತ್ತದೆ. ಆದರೆ ಕೆಲಸದ ಜೊತೆಗೆ ಹಾಡುವ ಜಾಗವೂ ಹೋಯಿತು. ಮದುವೆ ಚಪ್ಪರದಿಂದ ಕಲ್ಯಾಣ ಮಂಟಪಕ್ಕೆ ಹೋದ ಮೇಲೆ ಸೋಬಾನೆಯ ಹೊತ್ತಿಗೆ ವಿಡಿಯೋದವನ ದೀಪ, ಧ್ವನಿವರ್ಧಕದ ಆರ್ಭಟ. ಹೋದ ಜಾಗಕ್ಕೆ ಬದಲು ಜಾಗ ಯಾರೂ ಕೊಡಲಿಲ್ಲ. ಟಿ.ವಿ. ಕೊಟ್ಟರು, ಈಗ ಮೊಬೈಲು ಕೊಟ್ಟಿದ್ದಾರೆ. ಎರಡರಲ್ಲೂ ನಾವು ನೋಡುವವರು.

ಸಭೆ ಸಮಾರಂಭಗಳಲ್ಲಿ ಹೆಂಗಸರಿಗೆ ಪಾತ್ರವೇ ಇಲ್ಲ ಎನ್ನಲಾರೆ. ಪೂರ್ಣಕುಂಭ ಹೊರುವುದು ನಮ್ಮ ಪಾತ್ರ. ಒಂದೇ ಬಣ್ಣದ ಸೀರೆಯುಟ್ಟು ಬಿಸಿಲಲ್ಲಿ ಸಾಲಾಗಿ ನಿಲ್ಲುವುದು ನಮ್ಮ ಪಾತ್ರ. ನ್ಯಾಮತಿಯಲ್ಲಿದ್ದಾಗ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ಒಂದು ದಿನ ತನ್ನ ಅಜ್ಜಿಯನ್ನು ಶಾಲೆಗೆ ಕರೆತಂದಿದ್ದಳು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಅಲ್ಲಿಗೆ ದೂರವಲ್ಲ. ಲಂಬಾಣಿ ಹಾಡು, ಕಸೂತಿ ಆ ಸೀಮೆಯ ಮನೆಮನೆಯ ಸಂಪತ್ತು. ಅಜ್ಜಿ ಒಂದು ಗಂಟೆ ಹಾಡಿತು, ಪ್ರತಿಯೊಂದಕ್ಕೂ ಅರ್ಥ ಹೇಳಿತು. ಕನ್ನಡಿ ಕೂರಿಸಿದ ಅದರ ಪೇಟಿಯಾವನ್ನು ಹುಡುಗಿಯರು ಮುಟ್ಟಿ ಮುಟ್ಟಿ ನೋಡಿದರು. ಹೊರಗೆ ಎಲ್ಲಿ ಹಾಡಿದ್ದೀರಿ ಅಜ್ಜಿ ಎಂದು ಕೇಳಿದೆ. ದೊಡ್ಡವರು ಬಂದಾಗ ಜೀಪಿನ ಮುಂದೆ ಕುಣಿಯಲು ಕರೆಯುತ್ತಾರೆ, ಜೀಪು ಮುಂದೆ ಹೋದ ಮೇಲೆ ಮನೆಗೆ ಬರುತ್ತೇವೆ ಎಂದಿತು.

ಇನ್ನು ನಾಟಕದ ಮಾತು. ನಮ್ಮ ಸೀಮೆಗೆ ನಾಟಕದ ಹುಚ್ಚು ಕಡಿಮೆಯದಲ್ಲ. ಜಾತ್ರೆ ಬಂತೆಂದರೆ ಹಳ್ಳಿಯ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹಾರ್ಮೋನಿಯಂ ಮಾಸ್ತರರು ಬರುತ್ತಾರೆ, ಸೀನರಿ ಬರುತ್ತದೆ, ಕಡೆಗೆ ಆಟದ ದಿನ ಹೊರಗಿನಿಂದ ಹಣ ಕೊಟ್ಟು ಕರೆಸಿದ ಕಲಾವಿದೆಯರು ಬರುತ್ತಾರೆ. ಗೋಡೆಯ ಪೋಸ್ಟರಿನಲ್ಲಿ ಅವರ ಚಿತ್ರವೇ ದೊಡ್ಡದು. ಆ ರಂಗದ ಮೇಲೆ ಊರಿಗೆ ಹೆಣ್ಣು ಬೇಕೇ ಬೇಕು, ಆದರೆ ಊರ ಹೆಣ್ಣು ಬೇಡ. ತಾಯಿಯ ತ್ಯಾಗ, ತಂಗಿಯ ಮಾನ, ಹೆಂಡತಿಯ ಕಣ್ಣೀರು ಎಲ್ಲವನ್ನೂ ಬಾಡಿಗೆಗೆ ತರುತ್ತೇವೆ.

ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಒಂದು ಬೆಳಗಿನ ಜಾವ ಅಂಥ ಒಬ್ಬ ಕಲಾವಿದೆಯ ಪಕ್ಕ ಕೂತಿದ್ದೆ. ಕಿವಿಯ ಹಿಂದೆ ಇನ್ನೂ ಬಣ್ಣವಿತ್ತು. ಮಗಳ ಕಾಲೇಜು ಫೀಸಿನ ಲೆಕ್ಕ ಹಾಕುತ್ತಿದ್ದರು. ರಾತ್ರಿ ಆಟ ಚೆನ್ನಾಗಿತ್ತಂತಲ್ಲ ಎಂದೆ. “ಆಟ ಚಲೋ ಆತ್ರಿ ಅಕ್ಕಾರೆ. ಸಿಳ್ಳೆ ಹೊಡೆದ್ರು, ದುಡ್ಡು ಮುಯ್ಯಿ ಮಾಡಿದ್ರು. ಆದ್ರ ನಿಮ್ಮ ಕಡೆ ಹೆಣ್ಮಕ್ಕಳು ಒಬ್ಬರೂ ನನ್ನ ಕೂಡ ಮಾತಾಡಲಿಲ್ಲ ನೋಡ್ರಿ” ಎಂದರು. ಇಷ್ಟು ಹೊತ್ತು ಗಂಡಸರನ್ನು ಬೈದದ್ದು ನನಗೆ ಸುಲಭವಾಗಿತ್ತು. ಈ ಮಾತು ಮಾತ್ರ ನನ್ನ ಎದೆಗೇ ಬಂದು ನಾಟಿತು. ನಾನೇ ಆದರೂ ಎಷ್ಟು ಜಾತ್ರೆಗಳಲ್ಲಿ ಚಾಪೆಯ ಮೇಲೆ ಕೂತು ನೋಡಿದ್ದೇನೆ, ಒಬ್ಬಳಿಗಾದರೂ ಒಂದು ಲೋಟ ಚಹ ಕೊಟ್ಟಿದ್ದೇನೆಯೇ? ದಾವಣಗೆರೆಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಗೆ ಜಿಲ್ಲೆಯೇ ನಮ್ಮವರು ಎಂದು ಬೀಗಿತು. 2010ರಲ್ಲಿ ಅವರು ತೀರಿಕೊಂಡಾಗಲೂ ನಮ್ಮವರು ಎಂದೇ ಅತ್ತಿತು. ಅವರ ಹಾಗೆ ನಮ್ಮ ಮಗಳೂ ಆಗಲಿ ಎಂದವರನ್ನು ಮಾತ್ರ ನಾನು ಕಂಡಿಲ್ಲ.

ಇದೆಲ್ಲ ಹೀಗೇ ಇರಬೇಕಾಗಿಲ್ಲ ಎಂಬುದಕ್ಕೆ ಬಹಳ ದೂರ ಹೋಗಬೇಕಿಲ್ಲ. ನ್ಯಾಮತಿಯಿಂದ ಹೊರಟರೆ ಶಿವಮೊಗ್ಗ, ಅಲ್ಲಿಂದ ಸಾಗರ, ಸಾಗರದ ಮಗ್ಗುಲಲ್ಲೇ ಹೆಗ್ಗೋಡು. ತಾಲ್ಲೂಕು ಕೇಂದ್ರವೂ ಅಲ್ಲದ ಹಳ್ಳಿ. 1949ರಲ್ಲಿ ಅಲ್ಲಿನವರು ಕಟ್ಟಿಕೊಂಡದ್ದು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಈಗಿನ ನೀನಾಸಂ. ಕಟ್ಟಡದಿಂದ ಶುರುವಾದದ್ದಲ್ಲ ಎಂಬುದನ್ನು ಗಮನಿಸಬೇಕು. ಮೊದಲು ನಾಟಕ ಆಡಿದರು, ವರ್ಷ ವರ್ಷ ಆಡಿದರು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972ರಲ್ಲಿ. ಮರುವರ್ಷ ಚಿತ್ರಸಮಾಜ, 1980ರಲ್ಲಿ ನಾಟಕ ಕಲಿಸುವ ಶಾಲೆ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’. ಇದನ್ನೆಲ್ಲ ಮುಂದೆ ನಿಂತು ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಮ್ಮ ಕಡೆ ಲೆಕ್ಕ ತಿರುಗುಮುರುಗು. ಮೊದಲು ಶಂಕುಸ್ಥಾಪನೆಯ ಕಲ್ಲು, ಅದರಲ್ಲಿ ಹದಿನೆಂಟು ಹೆಸರು, ಆಮೇಲೆ ಕಟ್ಟಡ, ಅದರ ಮುಂದೆ ಬಾಡಿಗೆ ಮಳಿಗೆ, ಕಡೆಗೆ ‘ಇಲ್ಲೇನು ಮಾಡೋಣ’ ಎಂಬ ಯೋಚನೆ.

ಒಂದು ಅಕ್ಟೋಬರಿನಲ್ಲಿ ಅಲ್ಲಿಯ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದೆ. ಹಗಲಿನ ಭಾಷಣಗಳಲ್ಲಿ ಅರ್ಧ ನನ್ನ ತಲೆಯ ಮೇಲೆ ಹಾರಿಹೋದವು, ಅದನ್ನು ಮುಚ್ಚಿಡುವುದಿಲ್ಲ. ಮನಸ್ಸಿನಲ್ಲಿ ನಿಂತದ್ದು ರಾತ್ರಿಯ ನಾಟಕ ಮುಗಿದ ಮೇಲಿನ ಒಂದು ಗಳಿಗೆ. ನನ್ನ ಪಕ್ಕದಲ್ಲಿ ಅದೇ ಊರಿನ ಕಡೆಯ ಇಬ್ಬರು ಹೆಂಗಸರು ಕೂತಿದ್ದರು. ಹಾಲು ಕರೆದು, ಅಡಿಗೆ ಮುಗಿಸಿ, ಟಾರ್ಚು ಹಿಡಿದು ಬಂದವರು. ದೀಪ ಹತ್ತಿದ ಕೂಡಲೇ ಒಬ್ಬಾಕೆ, “ಈ ಸಲದ್ದು ಸ್ವಲ್ಪ ಸಪ್ಪೆ ಮಾರಾಯ್ತಿ. ಆ ರಾಣಿ ಪಾತ್ರ ಮಾಡಿದವಳಿಗೆ ಸಿಟ್ಟೇ ಬರೋದಿಲ್ಲ” ಎಂದರು. ಇನ್ನೊಬ್ಬಾಕೆ ಒಪ್ಪಲಿಲ್ಲ. ವಾದ ಮಾಡುತ್ತಲೇ ಕತ್ತಲಲ್ಲಿ ಇಳಿದು ಹೋದರು. ನಾನು ಅಲ್ಲೇ ಕೂತುಬಿಟ್ಟೆ. ರಾತ್ರಿ ಹೊತ್ತು, ಬರಿಗೈ ಎನ್ನಬಹುದಾದ ಕೈ, ಬಾಯಲ್ಲಿ ಸೊಸೆಯ ಮಾತಿಲ್ಲ, ಬಂಗಾರದ ದರವಿಲ್ಲ. ನಾಟಕ ಸಪ್ಪೆ ಎನ್ನಬೇಕಾದರೆ ಉಪ್ಪು ಖಾರ ಹತ್ತಿದ್ದನ್ನು ಹತ್ತಾರು ಸಲ ಉಂಡಿರಬೇಕು. ಕಲಾಕೇಂದ್ರದಿಂದ ಊರಿಗೇನು ಲಾಭ ಎಂದು ಕೇಳುವವರಿಗೆ ನಾನು ಆ ಇಬ್ಬರನ್ನು ತೋರಿಸುತ್ತೇನೆ.

“ಅದು ಅಡಿಕೆ ತೋಟದವರ ಊರು ಮೇಡಂ, ದುಡ್ಡಿದೆ, ಹೊತ್ತಿದೆ” ಎನ್ನುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಇಲ್ಲವೇ? ತುಮ್ಕೋಸ್ ಅಂಗಳದಲ್ಲಿ ಸುಗ್ಗಿಯ ಕಾಲಕ್ಕೆ ನಿಂತು ನೋಡಿ, ಆಮೇಲೆ ಬಡತನದ ಮಾತಾಡಿ. ಅಡಿಕೆಯಿಲ್ಲದ ಊರೇ ಬೇಕೆಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಿಂದ ‘ಶಿವಸಂಚಾರ’ ನಾಟಕ ಹೊತ್ತು ನಾಡು ಸುತ್ತುತ್ತಿದೆ. “ಅಲ್ಲಿ ಮಠ ಇದೆಯಲ್ಲ” ಎನ್ನುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಮಠಗಳಿಗೆ ಬರವೇ?

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆ ತಗ್ಗಿಸಿ ಉತ್ತರ ಕೊಡಬೇಕು. ಜಗಳೂರಿನಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಹೇಳಿದ್ದು: “ನೀರಿಗೆ ನಿಂತು ನಿಂತು ಕಾಲು ಸೋತೈತ್ರಿ, ಹಾಡು ಎಲ್ಲಿಂದ ಬರಬೇಕು?” ಫ್ಲೋರೈಡ್ ನೀರಿನ ಊರಲ್ಲಿ ಈ ಮಾತಿಗೆ ಬಾಯಿ ಹಾಕುವುದು ಹೇಗೆ? 57 ಕೆರೆ ತುಂಬಿಸುವ ಯೋಜನೆಗಾಗಿ ಆ ತಾಲ್ಲೂಕು ಎಷ್ಟು ವರ್ಷ ಕಾಯಿತು ಎಂಬುದು ಗೊತ್ತಿರುವವಳೇ ನಾನು. ನೀರು ಮೊದಲು, ಸಂದೇಹವಿಲ್ಲ. ಆದರೆ ಅದೇ ತಾಯಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ರಂಗದ ಮೇಲೆ ಬಂದಾಗ ಕಂಬ ಹಿಡಿದು ಎದ್ದು ನಿಂತುಬಿಟ್ಟಿದ್ದಳು. ಕಾಲು ಸೋತಿರಲಿಲ್ಲ. ಮೊದಲು ನೀರು, ಆಮೇಲೆ ರಸ್ತೆ, ಆಮೇಲೆ ಶೌಚಾಲಯ, ಆಮೇಲೆ ನೋಡೋಣ ಎನ್ನುವವರು ಹಾಡಿನ ಸರದಿ ಬರುವಷ್ಟರಲ್ಲಿ ಹಾಡುವವರು ಇರುತ್ತಾರೆಯೇ ಎಂದು ಯೋಚಿಸುವುದಿಲ್ಲ. ಕಲ್ಯಾಣ ಮಂಟಪಕ್ಕೂ ಜಾತಿಗೊಂದು ಭವನಕ್ಕೂ ಈ ಸರದಿಯ ಕಾಟವೇ ಇಲ್ಲ.

1929ರಲ್ಲಿ ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಎಂಬ ಲೇಖಕಿ, ಹೆಂಗಸು ಬರೆಯಬೇಕಾದರೆ ಅವಳಿಗೆ ತನ್ನದೇ ಒಂದು ಕೋಣೆಯೂ ವರ್ಷಕ್ಕೆ 500 ಪೌಂಡ್ ಹಣವೂ ಬೇಕು ಎಂದು ವಾದಿಸಿದಳು. ದೊಡ್ಡ ಮಾತು. ನಾವು ಅಷ್ಟು ಕೇಳುತ್ತಿಲ್ಲ. ಬರೆಯುವವಳಿಗೆ ಒಳಗಿನಿಂದ ಬೀಗ ಹಾಕಿಕೊಳ್ಳುವ ಕೋಣೆ ಬೇಕಾದೀತು. ಹಾಡುವವರಿಗೆ, ಆಡುವವರಿಗೆ ಹೊರಗಿನಿಂದ ಬೀಗ ತೆಗೆಯುವ ಹಜಾರ ಸಾಕು. ಕಟ್ಟಡ ಈಗಾಗಲೇ ಇದೆ. ನಮ್ಮ ತೆರಿಗೆಯಲ್ಲೇ ಎದ್ದದ್ದು.

ಆದ್ದರಿಂದ ನಾವು ಲೆಕ್ಕ ಹಾಕಿದೆವು. ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಧನುರ್ಮಾಸದಲ್ಲೂ ಇಲ್ಲ. ಎರಡು ತಿಂಗಳು ಆ ಭವನದಲ್ಲಿ ಪಾರಿವಾಳಗಳು ಮಾತ್ರ ಇರುತ್ತವೆ. ಆ ತಿಂಗಳುಗಳಲ್ಲಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ಐದೂವರೆಯಿಂದ ಏಳೂವರೆವರೆಗೆ ಬೀಗದ ಕೈ ನಮಗೆ ಕೊಡಬೇಕು, ಕಸ ನಾವೇ ಗುಡಿಸುತ್ತೇವೆ, ಎರಡು ಟ್ಯೂಬ್‌ಲೈಟಿನ ಕರೆಂಟಿನ ಹಣ ಕೊಡುತ್ತೇವೆ ಎಂದು ಅರ್ಜಿ ಬರೆದೆವು. ಸಹಿ ಹಾಕಲು ಬಂದವರಲ್ಲಿ ಒಬ್ಬಾಕೆ ಶುಕ್ರವಾರ ಬೇಡ, ದೇವರ ಪೂಜೆ ಇರುತ್ತದೆ ಎಂದರು. ಮಂಗಳವಾರವೂ ಇರುತ್ತದಲ್ಲ ಎಂದು ಮತ್ತೊಬ್ಬರು. ಬುಧವಾರ, ಶನಿವಾರ ಎಂದು ತಿದ್ದಿದೆವು. ಹತ್ತೊಂಬತ್ತು ಸಹಿ, ಮೂರು ಹೆಬ್ಬೆಟ್ಟು. ಪ್ರತಿಗೆ ಸ್ವೀಕೃತಿಯ ಮೊಹರು ಒತ್ತಿಸಿಕೊಂಡೇ ಬಂದಿದ್ದೇನೆ.

ಆ ತನಕ ಹೊಲಿಗೆಯವಳ ಮನೆಯ ಮಾಳಿಗೆಯ ಮೇಲೆ ಸೇರುತ್ತಿದ್ದೇವೆ. ಕೆಳಗಿನಿಂದ ಅವಳ ಅತ್ತೆ, ಎರಡನೆಯ ಸಾಲು ತಪ್ಪು, ನಮ್ಮ ಕಾಲದಲ್ಲಿ ಹಾಗೆ ಹಾಡುತ್ತಿರಲಿಲ್ಲ ಎಂದು ಕೂಗುತ್ತಾರೆ. ಮೆಟ್ಟಿಲು ಹತ್ತಲು ಅವರಿಗೆ ಮೊಣಕಾಲು ನೋವು. ಭವನದಲ್ಲಾದರೆ ಮೆಟ್ಟಿಲಿಲ್ಲ.