ಕೂತು ಮಾಡುವ ಕೆಲಸಕ್ಕೂ ಮೈಕೈ ನೋವು ಬರುತ್ತದೆಯೇ? ಕಣ್ಣಿನ ಡಾಕ್ಟರ ಕುತ್ತಿಗೆಯನ್ನು ಕೇಳಿ

'ಭಾರ ಹೊರುವವರಿಗೆ ಸೊಂಟ ನೋವು ಬಂದರೆ ಸರಿ, ಕೂತು ಕೆಲಸ ಮಾಡುವವರಿಗೇನು ಕಷ್ಟ?' ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ ಎಂದು ತಿಳಿಯಲು ಕಣ್ಣಿನ ವೈದ್ಯರ ಕೆಲಸವನ್ನು ನೋಡೋಣ. ಅವರ ಉಪಕರಣಗಳು ಹಗುರ, ಕೆಲಸ ಬಹುಪಾಲು ಕೂತಲ್ಲೇ. ಆದರೂ ಹಲವು ದೇಶಗಳ ಸಮೀಕ್ಷೆಗಳಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಕಣ್ಣಿನ ವೈದ್ಯರು ಕುತ್ತಿಗೆ, ಭುಜ ಅಥವಾ ಸೊಂಟ ನೋವಿದೆ ಎಂದಿದ್ದಾರೆ.

ನೋವು ಎಲ್ಲಿಂದ ಬರುತ್ತದೆ?

ಗದ್ದ ಇಟ್ಟು ಕೂರಿಸಿ ಕಣ್ಣು ನೋಡುವ ಯಂತ್ರ ನೆನಪಿದೆಯೇ? ಅದು ಸ್ಲಿಟ್ ಲ್ಯಾಂಪ್. ಅದರ ಮುಂದೆ ನಾವು ಕೂರುವುದು ಕೆಲವೇ ನಿಮಿಷ. ಆದರೆ ವೈದ್ಯರು ಒಬ್ಬ ರೋಗಿಯಾದ ಮೇಲೆ ಇನ್ನೊಬ್ಬರಿಗೆ ಮತ್ತೆ ಮತ್ತೆ ಮುಂದಕ್ಕೆ ಬಾಗಿ, ಕುತ್ತಿಗೆ ಚಾಚಿ, ಕೈ ಎತ್ತಿ ಹಿಡಿಯಬೇಕು. ಪೊರೆ ಆಪರೇಷನ್ ಮಾಡುವಾಗಲಂತೂ ಕಣ್ಣು ಮೈಕ್ರೋಸ್ಕೋಪಿನಲ್ಲಿ, ಕಾಲುಗಳು ಪೆಡಲ್‌ಗಳ ಮೇಲೆ. ಅಲುಗಾಡುವಂತಿಲ್ಲ.

ಅಲುಗಾಡದೆ ಇರುವುದೇ ಸಮಸ್ಯೆ. ನಮ್ಮ ತಲೆಯ ತೂಕ ಸುಮಾರು 5 ಕೆಜಿ. ಅದು ಮುಂದಕ್ಕೆ ಬಾಗಿದಷ್ಟೂ ಹಿಡಿದಿಡಲು ಕುತ್ತಿಗೆಯ ಸ್ನಾಯುಗಳು ಹೆಚ್ಚು ಬಿಗಿಯಬೇಕು. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುತ್ತಾ ರಕ್ತ ಚೆನ್ನಾಗಿ ಹರಿಯುತ್ತದೆ. ಒಂದೇ ಭಂಗಿಯಲ್ಲಿ ಬಿಗಿದೇ ಇದ್ದರೆ ರಕ್ತದ ಹರಿವು ತಗ್ಗಿ, ಸ್ನಾಯು ದಣಿದು ನೋಯುತ್ತದೆ.

ಇದರಿಂದ ನಮಗೇನು?

ಡಾ. ಎಂ. ಸಿ. ಮೋದಿ ಅವರ ಕಣ್ಣಿನ ಶಿಬಿರಗಳ ಕಾಲದಿಂದಲೂ 'ದಿನಕ್ಕೆ ಎಷ್ಟು ಆಪರೇಷನ್' ಎಂಬ ಲೆಕ್ಕವನ್ನು ನಾವು ಮೆಚ್ಚುತ್ತಾ ಬಂದಿದ್ದೇವೆ. ಮಾಡುವವರ ಕುತ್ತಿಗೆಯ ಬಗ್ಗೆ ಕೇಳಿದ್ದು ಕಡಿಮೆ. ನೋವು ತಾಳಲಾರದೆ ಒಬ್ಬ ವೈದ್ಯರು ಆಪರೇಷನ್ ಕಡಿಮೆ ಮಾಡಿದರೆ, ಪೊರೆಯಿಂದ ದೃಷ್ಟಿ ಮಂಜಾದವರು ಇನ್ನಷ್ಟು ದಿನ ಕಾಯಬೇಕಾಗುತ್ತದೆ.

ಏನು ಮಾಡಬಹುದು?

ಪ್ರತಿ ರೋಗಿಗೂ ಮೇಜು, ಕುರ್ಚಿಯ ಎತ್ತರ ಹೊಂದಿಸುವುದು, ಮೊಣಕೈಗೆ ಆಸರೆ ಕೊಡುವುದು, ನಡುನಡುವೆ ಎದ್ದು ಭುಜ ಸಡಿಲಿಸುವುದು ವೈದ್ಯರಿಗೆ ನೆರವಾಗುತ್ತದೆ. ತಲೆ ಎತ್ತಿ ಪರದೆ ನೋಡುತ್ತಲೇ ಆಪರೇಷನ್ ಮಾಡುವ ವ್ಯವಸ್ಥೆಯೂ ಬಂದಿದೆ, ಆದರೆ ದುಬಾರಿ.

ನಮ್ಮ ಪಾಲೂ ಇದೆ. ಪರೀಕ್ಷೆಗೆ ಕೂತಾಗ ಗದ್ದವನ್ನು ಸರಿಯಾಗಿ ಇಟ್ಟು, ಹಣೆಯನ್ನು ಪಟ್ಟಿಗೆ ತಾಗಿಸಿ ಕೂತುಕೊಳ್ಳಿ. ನಾವು ಹಿಂದೆ ಸರಿದಷ್ಟೂ ವೈದ್ಯರು ಮುಂದೆ ಬಾಗಬೇಕು.

ಒಟ್ಟಿನಲ್ಲಿ, 'ಕೂತು ಮಾಡುವ ಕೆಲಸಕ್ಕೆ ನೋವಿಲ್ಲ' ಎಂಬುದು ತಪ್ಪು. ಟೈಲರ್, ಅಕ್ಕಸಾಲಿಗ, ಕಂಪ್ಯೂಟರ್ ಮುಂದೆ ಕೂರುವವರು, ಎಲ್ಲರಿಗೂ ಇದೇ ಮಾತು. ನೋವಿನ ಜೊತೆ ಕೈ ಜೋಮು ಹಿಡಿದರೆ ಅಥವಾ ಹಿಡಿತ ಸಡಿಲಾದರೆ ಎಣ್ಣೆ ಹಚ್ಚಿ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಇದನ್ನು ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಕುತ್ತಿಗೆಯನ್ನೂ ಒಮ್ಮೆ ಗಮನಿಸಿ. ಬಾಗಿದ್ದರೆ, ಫೋನನ್ನು ಸ್ವಲ್ಪ ಮೇಲೆತ್ತಿ.