ಭಾಷಾವಿಜ್ಞಾನದ ವಿದ್ಯಾರ್ಥಿ ಮತ್ತು ಆಕರಗಳ ಪ್ರಶ್ನೆ

ಕನ್ನಡ ಎಂ.ಎ. ತರಗತಿಗಳಲ್ಲಿ ಭಾಷಾವಿಜ್ಞಾನವೆಂಬುದು ಸಾಮಾನ್ಯವಾಗಿ ಒಂದೆರಡು ಪತ್ರಿಕೆಗಳ ಮಟ್ಟಿಗೆ ಉಳಿದುಕೊಂಡಿರುವ ವಿಷಯ. ಪದಾದಿಯ ಪಕಾರ ಹಕಾರವಾದ ಬಗೆಯನ್ನು ವಿವರಿಸಿ ಎಂದು ಕೇಳಿದರೆ ‘ಪಾಲು–ಹಾಲು’, ‘ಪೂ–ಹೂ’ ಎಂದು ಬರೆಯದ ವಿದ್ಯಾರ್ಥಿ ಸಿಗುವುದಿಲ್ಲ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಈ ಬದಲಾವಣೆ ಕಾಣಿಸತೊಡಗಿತೆಂಬ ವಾಕ್ಯವೂ ಉತ್ತರಪತ್ರಿಕೆಯಲ್ಲಿ ತಪ್ಪದೆ ಇರುತ್ತದೆ. ಆದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂದು ಸಂಪುಟವನ್ನು ಮುಂದಿಟ್ಟುಕೊಂಡು, ಒಂದೇ ಶಾಸನದಲ್ಲಿ ಪಕಾರ ಹಕಾರಗಳೆರಡೂ ಬಂದಿರುವುದು ಎಲ್ಲಿ, ಯಾವ ಪದಗಳಲ್ಲಿ ಹಳೆಯ ರೂಪ ಹೆಚ್ಚು ಕಾಲ ನಿಂತಿತು ಎಂದು ಸ್ವತಃ ಎಣಿಸಿ ನೋಡಿದ ವಿದ್ಯಾರ್ಥಿಯೂ ಸುಲಭಕ್ಕೆ ಸಿಗುವುದಿಲ್ಲ. ಇದನ್ನು ವಿದ್ಯಾರ್ಥಿಯ ಸೋಮಾರಿತನವೆಂದು ತಳ್ಳಿಹಾಕುವುದು ಅಧ್ಯಾಪಕರಿಗೆ ಅನುಕೂಲ, ಅದು ನ್ಯಾಯವಲ್ಲ. ಸಿದ್ಧಾಂತವನ್ನು ಬೋಧಿಸುವ ವಿಭಾಗಗಳು ವಿದ್ಯಾರ್ಥಿಯನ್ನು ಆಕರದ ಬಳಿಗೆ ಕರೆದೊಯ್ಯುವ ಏರ್ಪಾಟನ್ನು ಮಾಡಿಕೊಂಡಿಲ್ಲ.

ಕನ್ನಡಕ್ಕೆ ಈ ಕ್ಷೇತ್ರದಲ್ಲಿ ಪರಂಪರೆಯಿಲ್ಲವೆಂದಲ್ಲ. ಪ್ರಾಚೀನ ಶಾಸನಗಳ ಭಾಷೆಯನ್ನು ಕುರಿತ ಎ.ಎನ್. ನರಸಿಂಹಯ್ಯನವರ ವ್ಯಾಕರಣ 1941ರಲ್ಲಿ, ಜಿ.ಎಸ್. ಗಾಯಿಯವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಪ್ರಕಟವಾದವು. 1950ರ ದಶಕದ ನಡುವಿನಿಂದ ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ನಡೆದ ಭಾಷಾವಿಜ್ಞಾನದ ಬೇಸಗೆ ಶಾಲೆಗಳು ಒಂದು ತಲೆಮಾರನ್ನೇ ತರಬೇತುಗೊಳಿಸಿದವು. ನಂಜನಗೂಡು, ಕಲಬುರಗಿ, ಬಾರ್ಕೂರುಗಳ ಕನ್ನಡವನ್ನು ಕುರಿತ ವರ್ಣನಾತ್ಮಕ ಅಧ್ಯಯನಗಳು ಆ ಸಂಸ್ಥೆಯಿಂದಲೇ ಹೊರಬಂದವು. ಕನ್ನಡ ನಾಡಿನ ಉಪಭಾಷೆಗಳ ಅಧ್ಯಯನಕ್ಕೆ ಪುಣೆಯೇ ನೆಲೆಯಾದದ್ದು ಆಕಸ್ಮಿಕವಲ್ಲ. ಉಚ್ಚಾರಣೆಯನ್ನು ಕೇಳಿ ಲಿಪ್ಯಂಕನ ಮಾಡುವ ಅಭ್ಯಾಸ, ಕ್ಷೇತ್ರಕಾರ್ಯಕ್ಕೆ ನೆರವು, ತಿದ್ದುವ ಗುರುಗಳು, ಅಚ್ಚು ಹಾಕುವ ಮಾಲೆ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿದ್ದವು. ಆ ವಿದ್ವಾಂಸರ ಪ್ರತಿಭೆಯನ್ನು ಇಂದು ಸ್ಮರಿಸುವವರು ಆ ಪ್ರತಿಭೆಯನ್ನು ದುಡಿಸಿಕೊಂಡ ಏರ್ಪಾಟನ್ನು ಮರೆಯುತ್ತಾರೆ.

ಅದೇ ಸಂಸ್ಥೆಯಿಂದ 1971ರಲ್ಲಿ ಡಿ.ಎನ್. ಶಂಕರ ಭಟ್ಟರ ಕೊರಗ ಭಾಷೆಯ ಅಧ್ಯಯನ ಬಂದಿತು. ಅರ್ಧ ಶತಮಾನದ ಮೇಲೆ ಕರಾವಳಿಯ ಯಾವುದೋ ಕಾಲೇಜಿನಲ್ಲಿ ಓದಿದ ಸಂಶೋಧನಾರ್ಥಿಯೊಬ್ಬಳು ಆ ಭಾಷೆಯಲ್ಲಿ ಏನು ಉಳಿದಿದೆ, ತುಳು ಕನ್ನಡಗಳ ಒತ್ತಡದಲ್ಲಿ ಏನು ಬದಲಾಗಿದೆ ಎಂದು ನೋಡಬಯಸಿದಳೆನ್ನೋಣ. ಅವಳ ಕೈಗೆ ಬರುವುದು ಮುದ್ರಿತ ಪುಸ್ತಕ. ಅಲ್ಲಿನ ಲಿಪ್ಯಂಕನದ ಹಿಂದಿರುವ ಧ್ವನಿ ಹೇಗಿತ್ತೆಂದು ಹೋಲಿಸಿ ನೋಡಲು ಅವಳ ವಿಭಾಗದಲ್ಲಿ ಏನೂ ಇರುವುದಿಲ್ಲ. ಶಂಕರ ಭಟ್ಟರ ಕಿವಿಯನ್ನು ನಂಬಬಹುದು, ನಂಬಲೇಬೇಕು. ಎಲ್ಲ ಪ್ರಬಂಧಗಳ ಕರ್ತೃಗಳಿಗೂ ಅಂಥ ಕಿವಿಯಿರುವುದಿಲ್ಲ. ಇದಕ್ಕಿಂತ ಕಳವಳದ ಸಂಗತಿಯೆಂದರೆ, ಅವಳು ತಾನೇ ಹಾಡಿ ಹಾಡಿಗೆ ಅಲೆದು ಮುದ್ರಿಸಿಕೊಂಡ ಮಾತುಗಳ ಗತಿ. ಪದವಿ ಪ್ರದಾನವಾದ ಮೇಲೆ ಅವು ಅವಳ ಮೊಬೈಲಿನಲ್ಲಿರುತ್ತವೆ. ಮೊಬೈಲು ಬದಲಾದಾಗ ಇರುವುದಿಲ್ಲ.

ಆಕರಗಳು ಇದ್ದೂ ಇಲ್ಲದಂತಾಗುವ ಇನ್ನೊಂದು ಬಗೆಯೂ ಇದೆ. ಕನ್ನಡ ಲಿಪಿ ಯೂನಿಕೋಡಿನಲ್ಲಿ 1991ರಿಂದಲೇ ಇದೆ. ಆದರೂ ಬಹಳ ಕಾಲದವರೆಗೆ ಮಹಾಪ್ರಬಂಧಗಳು ಸಿದ್ಧವಾದದ್ದು ಹಳೆಯ ಅಕ್ಷರವಿನ್ಯಾಸಗಳಲ್ಲಿ. ಅವುಗಳ ಪಠ್ಯದಲ್ಲಿ ಒಂದು ಪದವನ್ನು ಹುಡುಕಹೊರಟರೆ ದೊರೆಯುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ‘ಶೋಧಗಂಗಾ’ ಭಂಡಾರದಲ್ಲಿ ಪುಟಗಳ ಚಿತ್ರಗಳಾಗಿ ಸೇರಿರುವ ಪ್ರಬಂಧಗಳದೂ ಇದೇ ಕಥೆ: ಓದಬಹುದು, ಹುಡುಕಲಾಗದು. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು ‘ಫ’ ಎಂಬ ತಪ್ಪು ಹೆಸರಿನಲ್ಲಿ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹಾಗೆಯೇ ಉಳಿದಿದೆ. ರಳ, ಕುಳ, ಕ್ಷಳಗಳ ವಿಚಾರದಲ್ಲಿ ಪುಟಗಟ್ಟಲೆ ಚರ್ಚಿಸಿದ ಪರಂಪರೆಯ ವಾರಸುದಾರರು ಈ ಕೆಲಸ ನಡೆಯುವಾಗ ಎಲ್ಲಿದ್ದರೆಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಕೇಳಿಕೊಳ್ಳಬೇಕು.

ಹಣವಿಲ್ಲವೆಂಬ ಉತ್ತರ ಸದಾ ಸಿದ್ಧವಾಗಿರುತ್ತದೆ. ಅದರಲ್ಲಿ ನಿಜವಿದೆ. ಕಿರಿಯ ಸಂಶೋಧನಾ ಫೆಲೋಶಿಪ್ಪಿನ ಮೊತ್ತ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿತು. ಅದು ದೊರೆಯದ ಸಂಶೋಧನಾರ್ಥಿ ಅತಿಥಿ ಉಪನ್ಯಾಸಕನಾಗಿ ದುಡಿಯುತ್ತ, ರಜೆಯಲ್ಲಿ ಸ್ವಂತ ಖರ್ಚಿನಿಂದ ಹಳ್ಳಿಗೆ ಹೋಗಿಬರಬೇಕು. ಹಾಗೆಂದು ಎಲ್ಲ ಕೊರತೆಯೂ ಹಣದ್ದಲ್ಲ. ಉಚ್ಚಾರಣೆಯ ವಿಶ್ಲೇಷಣೆಗೆ ಆಮ್‌ಸ್ಟರ್‌ಡ್ಯಾಮಿನ ವಿದ್ವಾಂಸರು ರೂಪಿಸಿದ ‘ಪ್ರಾಟ್’, ಧ್ವನಿಮುದ್ರಣಕ್ಕೆ ಸಾಲುಸಾಲಾಗಿ ಟಿಪ್ಪಣಿ ಸೇರಿಸಲು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ರೂಪಿಸಿದ ‘ಎಲಾನ್’ ಎರಡೂ ಉಚಿತ. ಸಾಮಾನ್ಯ ಗಣಕಯಂತ್ರವೇ ಅವುಗಳಿಗೆ ಸಾಕು. ಇಲ್ಲದಿರುವುದು ಅವುಗಳನ್ನು ಕನ್ನಡದಲ್ಲಿ, ಕನ್ನಡದ ಉದಾಹರಣೆಗಳಿಂದ ಹೇಳಿಕೊಡುವ ವಾರವೊಂದರ ಕಮ್ಮಟ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಮೈಸೂರಿನಲ್ಲಿಯೇ ಇದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆಯೂ ಅಲ್ಲಿ 2013ರಲ್ಲಿ ಆರಂಭವಾಯಿತು. ಎಂ.ಎ. ವಿದ್ಯಾರ್ಥಿಗಳನ್ನು ಬೇಲೂರು ಹಳೇಬೀಡಿಗೆ ಕರೆದೊಯ್ಯುವ ವಿಭಾಗಗಳು ಮಾನಸಗಂಗೋತ್ರಿಯ ಮಗ್ಗುಲಿನ ಆ ಆವರಣಕ್ಕೂ ಮೂರು ದಿನ ಕರೆದೊಯ್ಯುವುದರಲ್ಲಿ ಕಷ್ಟವೇನಿದೆ?

ಭಂಡಾರವೊಂದನ್ನು ಕಟ್ಟುವ ವಿದ್ಯೆ ಕನ್ನಡ ವಿಭಾಗಗಳಿಗೆ ಹೊಸತೇನೂ ಅಲ್ಲ. ಓಲೆಗರಿಗಳನ್ನು ಊರೂರಿನಿಂದ ತಂದು, ಎಣ್ಣೆ ಸವರಿ, ಸಂಖ್ಯೆ ಕೊಟ್ಟು, ಸೂಚಿ ಸಿದ್ಧಪಡಿಸಿದವರು ಈ ವಿಭಾಗಗಳ ಹಿರಿಯರೇ. ಗ್ರಂಥಸಂಪಾದನೆಯ ಪ್ರಬಂಧವೊಂದು ತನ್ನ ಹಸ್ತಪ್ರತಿಗಳ ವಿವರವಿಲ್ಲದೆ ಬಂದರೆ ಪರೀಕ್ಷಕರು ಅದನ್ನು ಒಪ್ಪುವುದಿಲ್ಲ. ಉಪಭಾಷೆಯ ಪ್ರಬಂಧವಾದರೆ ಒಂದು ನಿಮಿಷದ ಧ್ವನಿಯೂ ಇಲ್ಲದೆ ಅಂಗೀಕೃತವಾಗುತ್ತದೆ. ಒಂದೇ ವಿಭಾಗದಲ್ಲಿ ಸಾಕ್ಷ್ಯಕ್ಕೆ ಎರಡು ಅಳತೆಗಳಿರುವುದು ವಿಚಿತ್ರ. ಮುದ್ರಣಗಳು ಸಂಶೋಧಕರ ಸ್ವಂತ ಸೊತ್ತು, ಅವುಗಳನ್ನು ಕೇಳುವುದು ಸರಿಯಲ್ಲ ಎಂದು ಕೆಲವು ಮಾರ್ಗದರ್ಶಕರು ಆಕ್ಷೇಪಿಸಬಹುದು. ಆದರೆ ಆ ಮಾತುಗಳ ಮೊದಲ ಒಡೆಯರು ಅವನ್ನು ಆಡಿದವರು. ಅವರ ಒಪ್ಪಿಗೆಯನ್ನು ಬರಹದಲ್ಲಿಯೋ ಅವರ ದನಿಯಲ್ಲಿಯೋ ಪಡೆಯುವುದು, ಯಾವ ಭಾಗವನ್ನು ಬಹಿರಂಗಪಡಿಸಬಾರದೆಂದು ಅವರನ್ನೇ ಕೇಳುವುದು, ಒಂದು ಪ್ರತಿಯನ್ನು ಅವರ ಊರಿಗೂ ಕೊಡುವುದು ಈ ಏರ್ಪಾಟಿನ ಭಾಗವಾಗಿರಬೇಕು.

ಇದಕ್ಕೆ ಹೊಸ ಕಟ್ಟಡವಾಗಲಿ ಹುದ್ದೆಯಾಗಲಿ ಮೊದಲಿಗೆ ಬೇಡ. ಪ್ರಬಂಧವನ್ನು ಸ್ವೀಕರಿಸುವ ಗ್ರಂಥಾಲಯವೇ ಮುದ್ರಣದ ಪ್ರತಿಯನ್ನೂ ಸ್ವೀಕರಿಸಿ ಎರಡು ಕಡೆ ಇಡಬಹುದು. ಪ್ರತಿ ಮುದ್ರಣದ ಜೊತೆಗೆ ಒಂದು ಚೀಟಿ ಸಾಕು: ಮಾತಾಡಿದವರ ವಯಸ್ಸು, ಅವರು ಹುಟ್ಟಿದ ಊರು, ಬೆಳೆದ ಊರು, ಮನೆಯ ಮಾತು, ಮುದ್ರಿಸಿದ ದಿನಾಂಕ. ಮುಂದಿನ ವರ್ಷದ ಪ್ರಬಂಧಗಳಿಂದಲೇ ಇದನ್ನು ಆರಂಭಿಸಬಹುದು. ಈಗಾಗಲೇ ಪದವಿ ಪಡೆದವರ ಮನೆಗಳಲ್ಲಿ ಉಳಿದಿರಬಹುದಾದ ಕ್ಯಾಸೆಟ್ಟುಗಳನ್ನು ಕೇಳಿ ತರುವ ಕೆಲಸ ಅದಕ್ಕಿಂತಲೂ ಮೊದಲು ಆಗಬೇಕು. ಆ ಪಟ್ಟಿಗಳಿಗೆ ಬೂಷ್ಟು ಹಿಡಿಯತೊಡಗಿದೆ.