ಅಂಗಡಿ ಬೇಕೋ ಬೇಡವೋ, ಊರ ಹೆಂಗಸರನ್ನು ಕೇಳಿ

ಮದ್ಯದಂಗಡಿಯ ಮಾತೆತ್ತಿದರೆ ಸರ್ಕಾರದ ಉತ್ತರ ಒಂದೇ: ಪೂರ್ಣ ಪಾನನಿಷೇಧ ಆಗದ ಮಾತು. ಒಪ್ಪೋಣ. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿ 2022ರ ಡಿಸೆಂಬರ್‌ನಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಜನ ಸತ್ತರು. ಆದರೆ ನಮ್ಮ ಹೆಂಗಸರು ಕೇಳುತ್ತಿರುವುದು ಅದೊಂದನ್ನೇ ಅಲ್ಲ.

2019ರ ಜನವರಿ 19ರಂದು ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆಯತೊಡಗಿದರು. ರಾಯಚೂರು, ಕೊಪ್ಪಳದ ಕಡೆಯವರು ಕೂಲಿ ಬಿಟ್ಟು ಬಂದಿದ್ದರು. ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಒಬ್ಬ ತಾಯಿ ತೀರಿಕೊಂಡರು, ನಡಿಗೆ ನಿಲ್ಲಲಿಲ್ಲ. ಜನವರಿ 30ಕ್ಕೆ ರಾಜಧಾನಿ ಮುಟ್ಟಿದರು. ನಿಷೇಧದ ಜೊತೆಗೆ ಅವರು ಕೇಳಿದ್ದು ಇನ್ನೆರಡು: ಕಿರಾಣಿ ಅಂಗಡಿ, ಚಹಾದಂಗಡಿಗಳ ಅಕ್ರಮ ಮಾರಾಟ ನಿಲ್ಲಲಿ, ಗ್ರಾಮಸಭೆಯ ಮಾತಿಗೆ ಬೆಲೆ ಸಿಗಲಿ. ನಿಷೇಧ ಆಗದು ಎಂದವರು ಉಳಿದೆರಡನ್ನೂ ಅದೇ ಕಡತದಲ್ಲಿ ಕಟ್ಟಿಟ್ಟರು.

ಕಾರಣ ಗುಟ್ಟೇನಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಬೇಕಾದ ಇಲಾಖೆಯೇ ಅಕ್ರಮವನ್ನೂ ಹಿಡಿಯಬೇಕು. ಪರವಾನಗಿ ಇರುವ ಅಂಗಡಿಯಿಂದ ಕಿರಾಣಿ ಅಂಗಡಿಗೆ ದಾಟಿದ ಪಾಕೀಟಿನ ಸುಂಕ ಆಗಲೇ ಬೊಕ್ಕಸ ಸೇರಿರುತ್ತದೆ. ಹಿಡಿದರೆ ಯಾರಿಗೆ ನಷ್ಟ, ಹೇಳಿ? 2007ರಲ್ಲಿ ಸಾರಾಯಿ ನಿಂತಿತು, ಅಗ್ಗದ ವಿಸ್ಕಿ ಟೆಟ್ರಾ ಪ್ಯಾಕಿನಲ್ಲಿ ಬಂದು ಅದೇ ಜೇಬಿಗೆ ಕೈಹಾಕಿತು. ಗಂಗಾವತಿ ಸೀಮೆಯಲ್ಲಿ ಭತ್ತದ ನಾಟಿಗೆ ಬಗ್ಗಿದ ಬೆನ್ನಿನ ಕೂಲಿ, ಕುಷ್ಟಗಿ, ಯಲಬುರ್ಗಾದ ಒಣಭೂಮಿ ಬಿಟ್ಟು ಗುಳೆ ಹೋಗಿ ತಂದ ದುಡ್ಡು, ಈಗ ಗೃಹಲಕ್ಷ್ಮಿಯ ಎರಡು ಸಾವಿರ: ಎಷ್ಟೋ ಮನೆಗಳಲ್ಲಿ ಎಲ್ಲವೂ ಸಂಜೆಯ ಹೊತ್ತಿಗೆ ಅತ್ತ ಹರಿಯುತ್ತದೆ.

ಹೆಂಗಸರ ಈ ಬೇಡಿಕೆಯನ್ನು ಮಡಿವಂತಿಕೆ ಎಂದು ಮೂಗು ಮುರಿಯುವವರು ದಕ್ಷಿಣ ಆಫ್ರಿಕದ ಡರ್ಬನ್ನಿನ ಕಥೆ ಕೇಳಬೇಕು. ಅಲ್ಲಿ ಹಿಂದೆ ಜೋಳದ ಬಿಯರ್ ಮಾರುವ ಹಕ್ಕು ನಗರಸಭೆಯದ್ದೇ ಆಗಿತ್ತು. ಆ ಲಾಭದಿಂದಲೇ ಕಪ್ಪು ಜನರ ಮೇಲಿನ ಆಡಳಿತದ ಖರ್ಚು ನಡೆಯುತ್ತಿತ್ತು. ಗಂಡಸರ ಕೂಲಿ ನಗರಸಭೆಯ ಬಿಯರ್ ಹಾಲ್ ಸೇರುತ್ತಿತ್ತು. ಮನೆಯಲ್ಲೇ ಬಿಯರ್ ಮಾಡಿ ಮಾರುವ ಹೆಂಗಸರ ಗಡಿಗೆಗಳನ್ನು ಪೊಲೀಸರು ಒಡೆಯುತ್ತಿದ್ದರು. 1959ರ ಜೂನ್‌ನಲ್ಲಿ ಕ್ಯಾಟೊ ಮ್ಯಾನರ್ ವಸತಿಯ ಹೆಂಗಸರು ಬಿಯರ್ ಹಾಲ್‌ಗೆ ನುಗ್ಗಿ ಗಂಡಸರನ್ನು ಹೊರಗಟ್ಟಿದರು. ಅವರಲ್ಲಿ ಅನೇಕರು ತಾವೇ ಬಿಯರ್ ಮಾಡುವವರು, ಮಡಿಯವರಲ್ಲ. ಜಗಳ ಇದ್ದದ್ದು ಕೂಲಿಯ ಹಣ ಯಾರ ತಿಜೋರಿಗೆ ಎಂಬುದರ ಮೇಲೆ. ನಮ್ಮಲ್ಲೂ ಅದೇ.

ದಾರಿ ಪಕ್ಕದ ಮಹಾರಾಷ್ಟ್ರದಲ್ಲೇ ಇದೆ. ಅಲ್ಲಿ ಹೆಂಗಸರು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ನಿಂತ ಬಾಟಲಿ, ಅಡ್ಡ ಬಾಟಲಿ. ಅಡ್ಡ ಬಾಟಲಿ ಗೆದ್ದರೆ ಅಂಗಡಿಗೆ ಬೀಗ. ಅದೇನೂ ಸಲೀಸಲ್ಲ, ಅಂಗಡಿಯವರ ಹಣ, ಬೆದರಿಕೆ ಎರಡೂ ಕೆಲಸ ಮಾಡುತ್ತವೆ. ಆದರೂ ಕೇಳುವ ಏರ್ಪಾಡಾದರೂ ಇದೆ. ನಮ್ಮಲ್ಲಿ ಗ್ರಾಮಸಭೆ ಠರಾವು ಬರೆಯಬಹುದು, ಅಂಗಡಿ ಮುಚ್ಚಿಸಲಾರದು.

ಮುಖ್ಯಮಂತ್ರಿ ಸಿದ್ದರಾಮಯ್ಯನವರ ಆರ್ಥಿಕ ಸಲಹೆಗಾರರಾಗಿ ನೇಮಕಗೊಂಡ ಬಸವರಾಜ ರಾಯರಡ್ಡಿ ಯಲಬುರ್ಗಾದ ಶಾಸಕರು. ಹಳ್ಳಿಗಳಿಗೆ ಇಂಥ ಮತದ ಹಕ್ಕು ಕೊಟ್ಟರೆ ಬೊಕ್ಕಸಕ್ಕೆ ಎಷ್ಟು ಖೋತಾ, ಅದನ್ನು ಬೇರೆಲ್ಲಿಂದ ತುಂಬಬಹುದು ಎಂಬ ಲೆಕ್ಕವನ್ನು ಅವರೇ ಸದನದ ಮುಂದಿಡಲಿ.